ಅಲ್ಲಿ ಪಿಟಿ ಮಾಸ್ತರ ಇರ್ತಾರೇನ್ರಿ? ಅಮೆರಿಕಕ್ಕೆ ಹೊರಟ ನಮ್ಮ ಕಡೆಯವರಿಗೆ

ಈ ಸಂಕ್ರಾಂತಿಗೆ ವಿಜಯಪುರಕ್ಕೆ ಬಂದಿದ್ದೆ. ಸಿದ್ಧೇಶ್ವರ ಜಾತ್ರೆಯ ಕುಸ್ತಿ ನೋಡಲು ಬೇಗನೇ ಹೋಗಿ ಕೂತಾಗ ಪಕ್ಕದವರು ಮಾತಿಗಿಳಿದರು. ಎರಡು ತಿಂಗಳಲ್ಲಿ ಹೆಂಡತಿ ಮಕ್ಕಳ ಸಮೇತ ಡಲ್ಲಾಸ್‌ಗೆ ಹೊರಟವರು. "ನಮ್ಮ ಹುಡುಗಿ ನಾನೂರು ಮೀಟರ್ ಓಡ್ತಾಳ್ರಿ, ತಾಲೂಕಿಗೆ ಫಸ್ಟ್ ಬಂದಾಳ. ಅಲ್ಲಿ ಶಾಲ್ಯಾಗ ಪಿಟಿ ಮಾಸ್ತರ ಇರ್ತಾರೇನ್ರಿ?" ಅಂದರು. ಹನ್ನೆರಡು ವರ್ಷದ ಹಿಂದೆ ನಾನೂ ಇದೇ ಪ್ರಶ್ನೆ ಹೊತ್ತು ಹೋಗಿದ್ದೆ. ಆಗ ನನಗೆ ಹೇಳುವವರು ಯಾರೂ ಇರಲಿಲ್ಲ.

ಇರ್ತಾರೆ. ಆದರೆ ನಮ್ಮ ಮಾಸ್ತರ ಹಾಗೆ ಹೆಸರು ಬರೆದುಕೊಂಡು, ಬಸ್ ಹತ್ತಿಸಿ, ವಲಯ, ತಾಲೂಕು, ಜಿಲ್ಲೆ ಅಂತ ಕರೆದುಕೊಂಡು ಹೋಗುವುದು ಅವರ ಕೆಲಸ ಅಲ್ಲ. ಶಾಲೆಯ ತಂಡಗಳು ಸಾಮಾನ್ಯವಾಗಿ ಶುರುವಾಗುವುದೇ ಮಿಡ್ಲ್ ಸ್ಕೂಲಿನಿಂದ. ಅದಕ್ಕಿಂತ ಸಣ್ಣವರಿಗೆ, ಬೇಸಿಗೆಯಲ್ಲಿ ದೊಡ್ಡ ಮಕ್ಕಳಿಗೂ, ಬಡಾವಣೆಯ ಕ್ಲಬ್ಬೇ ದಾರಿ. ಆ ಕ್ಲಬ್ಬುಗಳು ಹೆಚ್ಚಾಗಿ ಎಎಯು (ಅಮೆಚೂರ್ ಅಥ್ಲೆಟಿಕ್ ಯೂನಿಯನ್) ಇಲ್ಲವೇ ಅಥ್ಲೆಟಿಕ್ಸ್‌ನ ರಾಷ್ಟ್ರೀಯ ಸಂಸ್ಥೆಯಾದ ಯುಎಸ್‌ಎ ಟ್ರ್ಯಾಕ್ ಆ್ಯಂಡ್ ಫೀಲ್ಡ್‌ನ ಸದಸ್ಯರಾಗಿರುತ್ತವೆ. ಎಎಯು 1888ರಷ್ಟು ಹಳೆಯ ಹವ್ಯಾಸಿ ಕ್ರೀಡಾ ಸಂಘ. ಒಂದು ಕಾಲಕ್ಕೆ ಒಲಿಂಪಿಕ್ಸ್‌ಗೆ ಹೋಗುವ ದಾರಿಯೂ ಅದರ ಕೈಯಲ್ಲೇ ಇತ್ತು. 1978ರ ಕಾಯ್ದೆ ಆ ಅಧಿಕಾರವನ್ನು ಒಂದೊಂದು ಆಟದ ಪ್ರತ್ಯೇಕ ಸಂಸ್ಥೆಗೆ ಹಂಚಿದ ಮೇಲೆ ಎಎಯು ಹೆಚ್ಚಾಗಿ ಮಕ್ಕಳ ಆಟದ ಕಡೆಗೇ ಹೊರಳಿತು. 1967ರಿಂದ ನಡೆಯುತ್ತಿರುವ ಅದರ ಜೂನಿಯರ್ ಒಲಿಂಪಿಕ್ಸ್‌ಗೆ ಮಕ್ಕಳು ಮೊದಲು ಜಿಲ್ಲೆ, ಆಮೇಲೆ ಪ್ರಾದೇಶಿಕ ಕೂಟ ದಾಟಿ ಹೋಗಬೇಕು. ನಮ್ಮವರಿಗೆ ಈ ಮೆಟ್ಟಿಲು ಹೊಸದಲ್ಲ.

ಹೊಸದು ಬೇರೆಯೇ ಇದೆ. ಈ ಕ್ಲಬ್ಬುಗಳಲ್ಲಿ ಸಂಬಳದವರು ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಕೋಚು ಯಾವುದೋ ಮಗುವಿನ ಅಪ್ಪ, ಲೆಕ್ಕ ಬರೆಯುವವರು ಇನ್ಯಾವುದೋ ಮಗುವಿನ ಅವ್ವ.

ಇದು ನನಗೆ ತಿಳಿದದ್ದು ತಡವಾಗಿ. ಫೀ ಕಟ್ಟಿದ್ದೇನೆ, ಕಲಿಸುವುದು ಅವರ ಹೊಣೆ ಅಂದುಕೊಂಡು ಮೊದಲ ಸೀಸನ್ ಪೂರ್ತಿ ಕಾರಿನಲ್ಲಿ ಲ್ಯಾಪ್‌ಟಾಪ್ ತೆರೆದು ಕೂತೆ. ಮಗನನ್ನು ನೂರು ಮೀಟರಿಗೆ ಹಾಕದೆ ಎಂಟುನೂರಕ್ಕೆ ಹಾಕಿದರೆಂದು ಕೋಚ್‌ಗೆ ಬಿರುಸಾಗಿ ಒಂದು ಇಮೇಲ್ ಬರೆದೆ. ರಾತ್ರಿ ಹನ್ನೊಂದಕ್ಕೆ ಉತ್ತರ ಬಂತು. ಮಗನ ಪ್ರತಿ ವಾರದ ಟೈಮಿಂಗ್, ಕೊನೆಯ ಇನ್ನೂರು ಮೀಟರಿನಲ್ಲಿ ಅವನ ಹೆಜ್ಜೆ ಹೇಗೆ ಹಿಗ್ಗುತ್ತದೆ ಅನ್ನುವುದೆಲ್ಲ ಅದರಲ್ಲಿತ್ತು. ಆ ಮನುಷ್ಯ ಎಲೆಕ್ಟ್ರಿಷಿಯನ್, ಬೆಳಿಗ್ಗೆ ಐದಕ್ಕೆ ಕೆಲಸಕ್ಕೆ ಹೋಗುವವರು ಅಂತ ಆಮೇಲೆ ಗೊತ್ತಾಯಿತು. ಮುಂದಿನ ಶನಿವಾರ ಹೋಗಿ ಕ್ಷಮೆ ಕೇಳಿ, ನನಗೊಂದು ಕೆಲಸ ಕೊಡಿ ಅಂದೆ. ಕೈಗೆ ಕುಂಟೆಯಂಥದೊಂದು ಕೊಟ್ಟು ಲಾಂಗ್ ಜಂಪ್ ಗುಂಡಿಯ ಹತ್ತಿರ ನಿಲ್ಲಿಸಿದರು.

ಮಗು ಹಾರಿ ಬೀಳುತ್ತದೆ. ಮರಳಿನಲ್ಲಿ, ಹಾರಲು ಕಾಲಿಡುವ ಹಲಗೆಗೆ ಎಲ್ಲಕ್ಕಿಂತ ಹತ್ತಿರ ಮೂಡಿದ ಗುರುತು ಯಾವುದೋ, ಕಾಲಿನದಿರಲಿ, ಹಿಂದಕ್ಕೆ ಊರಿದ ಕೈಯದಿರಲಿ, ಟೇಪು ಅಲ್ಲಿಗೇ. ಅಳತೆ ಬರೆದುಕೊಂಡದ್ದೇ ಮರಳನ್ನು ಎಳೆದು ಸಮ ಮಾಡಬೇಕು, ಇಲ್ಲದಿದ್ದರೆ ಮುಂದಿನ ಮಗುವಿನ ಗುರುತು ಹಳೆಯದರಲ್ಲಿ ಕಳೆದುಹೋಗುತ್ತದೆ. ಆ ದಿನ ನೂರಕ್ಕೂ ಹೆಚ್ಚು ಸಲ ಎಳೆದೆ. ಎಳೆಯುವಾಗ ನೆನಪಾದದ್ದು ನಮ್ಮ ಗರಡಿ ಮನೆ. ಅರಿಶಿನ, ಎಣ್ಣೆ, ಮಜ್ಜಿಗೆ ಹಾಕಿದ ಆ ಕೆಂಪು ಮಣ್ಣನ್ನು ಪೈಲವಾನರೇ ಅಗೆದು ಹದ ಮಾಡುತ್ತಿದ್ದರು. ಅದಕ್ಕೆ ಯಾರೂ ಪಗಾರ ಕೊಡಲಿಲ್ಲ, ಯಾರೂ ಕೇಳಲಿಲ್ಲ. ಬೆಳಗಾವಿ ಸೀಮೆಯ ಪಿ.ಡಿ. ಚೌಗುಲೆ 1920ರ ಆ್ಯಂಟ್‌ವರ್ಪ್ ಒಲಿಂಪಿಕ್ಸ್ ಮ್ಯಾರಥಾನ್‌ನಲ್ಲಿ 19ನೆಯವರಾಗಿ ಗುರಿ ಮುಟ್ಟಿದರಲ್ಲ, ಭಾರತದ ಆ ತಂಡವನ್ನು ಕಳಿಸುವ ಯೋಚನೆ ಮೊಳೆತದ್ದೂ ಒಂದು ಕ್ಲಬ್ಬಿನ ಕೂಟದಲ್ಲೇ. ಪುಣೆಯ ಡೆಕ್ಕನ್ ಜಿಮಖಾನಾದಲ್ಲಿ ಬರಿಗಾಲಲ್ಲಿ ಓಡಿದ ರೈತಾಪಿ ಹುಡುಗರನ್ನು ಉದ್ಯಮಿ ದೊರಾಬ್ಜಿ ಟಾಟಾ ನೋಡಿದ್ದರು. ಹಾಗಾಗಿ ಇದು ಪರದೇಶದ ಪದ್ಧತಿ, ನಮಗೆ ಒಗ್ಗುವುದಿಲ್ಲ ಅಂತ ದಯವಿಟ್ಟು ತಿಳಿಯಬೇಡಿ.

ಇನ್ನು ನೀವು ಮಾಡಬೇಕಾದದ್ದು. ಹೊರಡುವ ಮೊದಲೇ ಜನನ ಪ್ರಮಾಣಪತ್ರ ಕೈಚೀಲದಲ್ಲಿರಲಿ, ಬರೀ ಕನ್ನಡದಲ್ಲಿದ್ದರೆ ಇಂಗ್ಲಿಷ್ ಅನುವಾದವೂ ಇರಲಿ. ಮಕ್ಕಳನ್ನು ಹುಟ್ಟಿದ ವರ್ಷದ ಮೇಲೆ ಗುಂಪು ಮಾಡುತ್ತಾರೆ, ಡಿಸೆಂಬರ್‌ನಲ್ಲಿ ಹುಟ್ಟಿದವಳೂ ಜನವರಿಯವಳ ಜೊತೆಗೇ ಓಡಬೇಕು. ಎಎಯು ಸದಸ್ಯತ್ವದ ವರ್ಷ ಸೆಪ್ಟೆಂಬರ್‌ನಿಂದ ಆಗಸ್ಟ್‌ವರೆಗೆ, ಜುಲೈನಲ್ಲಿ ಕಟ್ಟಿದರೆ ಎರಡೇ ತಿಂಗಳು ಬರುತ್ತದೆ. ಫೀ ಭಾರವೆನಿಸಿದರೆ ಸಂಕೋಚ ಬಿಟ್ಟು ರಿಯಾಯಿತಿ ಕೇಳಿ, ಅನೇಕ ಕ್ಲಬ್ಬುಗಳು ಅದಕ್ಕೆಂದೇ ಸ್ವಲ್ಪ ಹಣ ತೆಗೆದಿಟ್ಟಿರುತ್ತವೆ.

ಕ್ಲಬ್ಬಿನಲ್ಲಿ ಮಕ್ಕಳ ಜೊತೆ ಕೆಲಸ ಮಾಡುವವರ, ನೀವು ಕೈಜೋಡಿಸಿದರೆ ನಿಮ್ಮದೂ, ಹಿನ್ನೆಲೆ ತಪಾಸಣೆ ಆಗುತ್ತದೆ. ಅದನ್ನು ಅವಮಾನ ಅಂದುಕೊಳ್ಳಬೇಡಿ. ಅಲ್ಲಿಯ ಜಿಮ್ನಾಸ್ಟಿಕ್ಸ್‌ನಲ್ಲಿ ಹೆಣ್ಣುಮಕ್ಕಳಿಗೆ ಆದ ಘೋರ ಅನ್ಯಾಯ ಬಯಲಾದ ಮೇಲೆ, 2018ರಲ್ಲಿ ಜಾರಿಯಾದ ಕಾಯ್ದೆ ಇಂಥ ಕ್ರೀಡಾ ಸಂಸ್ಥೆಗಳ ವಯಸ್ಕರಿಗೆ ಒಂದು ಹೊಣೆ ಹೊರಿಸಿದೆ: ಮಗುವಿನ ಮೇಲೆ ದೌರ್ಜನ್ಯದ ಅನುಮಾನ ಬಂದರೆ 24 ಗಂಟೆಯೊಳಗೆ ದೂರು ಕೊಡಬೇಕು. ನಿಮ್ಮ ಮಗಳೊಬ್ಬಳನ್ನೇ ತಮ್ಮ ಕಾರಿನಲ್ಲಿ ಮನೆಗೆ ಬಿಟ್ಟು ಬರಲು ಕೋಚ್ ಒಪ್ಪದಿದ್ದರೆ ಅದು ಒರಟುತನ ಅಲ್ಲ, ಅವಳ ಮೇಲಿನ ಕಾಳಜಿ.

ನನ್ನ ಹೆಂಡತಿ ಆಗ ಎಚ್-4, ಅಂದರೆ ಕೆಲಸಕ್ಕೆ ಬಂದವರ ಸಂಗಾತಿಗೆ ಕೊಡುವ ವೀಸಾದ ಮೇಲಿದ್ದಳು. ಲಾಭಕ್ಕಲ್ಲದ ಸಂಸ್ಥೆಯಲ್ಲಿ ಎಲ್ಲರೂ ಪುಕ್ಕಟೆ ಮಾಡುವ ಕೆಲಸ ಮಾಡಲು ಅಡ್ಡಿಯಿಲ್ಲ, ಗೌರವಧನ ಅಂತ ಏನನ್ನೂ ಮುಟ್ಟಬಾರದು ಅಷ್ಟೆ. ಅಲ್ಲಿಯ ಸರ್ಕಾರ ಕೊಡುವ ಸೋಶಿಯಲ್ ಸೆಕ್ಯುರಿಟಿ ನಂಬರ್ ಇಲ್ಲದೆ ಅವಳ ಹಿನ್ನೆಲೆ ತಪಾಸಣೆ ತಡವಾಯಿತು. ಅಲ್ಲಿಯವರೆಗೆ ಊಟದ ಸ್ಟಾಲ್ ನೋಡಿಕೊಂಡಳು. ಮನೆಯಿಂದ ಹೊರಗೆ ಅವಳಿಗೆ ಮೊದಲ ಗೆಳತಿಯರು ಸಿಕ್ಕಿದ್ದು ಆ ಸ್ಟಾಲಿನ ಹಿಂದೆಯೇ. ನೀವು ಐಟಿಯವರಾದರೆ ಕಂಪನಿಯಲ್ಲಿ ವಿಚಾರಿಸಿ, ನೌಕರರು ಸೇವೆ ಮಾಡಿದ ಗಂಟೆಗಳ ಲೆಕ್ಕಕ್ಕೆ ಕ್ಲಬ್ಬಿಗೆ ದೇಣಿಗೆ ಕೊಡುವ ಕಂಪನಿಗಳು ಸಾಕಷ್ಟಿವೆ.

ಇನ್ನೆರಡು ಮಾತು. ನಮ್ಮ ಕ್ರೀಡಾಕೂಟದಲ್ಲಿ ಮಗು ಓಡಿದರೆ ಪಕ್ಕದಲ್ಲೇ ಅಣ್ಣ, ಕಾಕಾ ಎಲ್ಲ "ಓಡವ್ವಾ ಓಡು" ಅಂತ ಓಡುತ್ತಾರೆ. ಅಲ್ಲಿ ಹಾಗೆ ಜೊತೆಗೆ ಓಡಿದರೆ ಮಗುವನ್ನೇ ಅನರ್ಹ ಮಾಡಬಹುದು. ಗ್ಯಾಲರಿಯಿಂದ ಎಷ್ಟು ಬೇಕಾದರೂ ಕೂಗಿ, ಕನ್ನಡದಲ್ಲೇ ಕೂಗಿ.

ಶೇಂಗಾ ಉಂಡಿ ಹಂಚುವ ಮೊದಲು ಮಾತ್ರ ಕೇಳಿ. ಶೇಂಗಾ ಅಲರ್ಜಿ ಅಲ್ಲಿ ಬಹಳ ಮಕ್ಕಳಿಗಿದೆ, ಕೆಲವರಿಗೆ ಅದು ಜೀವಕ್ಕೇ ಅಪಾಯ. ಮೊದಲ ಶನಿವಾರಕ್ಕೆ ಹೆಚ್ಚಿದ ಕಿತ್ತಳೆ ಒಯ್ಯಿರಿ, ಮತ್ತೆ ಹೋದ ಕೂಡಲೇ ಕುಂಟೆ ಯಾರ ಕೈಯಲ್ಲಿದೆ ಅಂತ ನೋಡಿ.