ಟೋವೆ ಡಿಟ್ಲೆವ್ಸನ್ ಓದೋಕೆ ಶುರು ಮಾಡೋದು ಹೇಗೆ, ಮುಂಬೈನ ಡೊಂಬಿವಲಿ ಲೋಕಲ್ ಟ್ರೈನಲ್ಲಿ ಕೂತು

ಮೊದಲೇ ಹೇಳ್ಬಿಡ್ತೀನಿ, ಅವಳ ಆತ್ಮಕಥೆಯ ಮೂರು ಪುಸ್ತಕಗಳಲ್ಲಿ ಮೂರನೇದರಿಂದ ಶುರು ಮಾಡ್ಬೇಡಿ. ನಾಲ್ಕು ಮದುವೆ, ಡಾಕ್ಟರ್ ಗಂಡನೇ ಚುಚ್ಚಿದ, ನೋವು ಮರೆಸೋ ಪೆಥಿಡೀನ್ ಇಂಜೆಕ್ಷನ್, ಅದರ ಚಟ, 1976ರಲ್ಲಿ ತಾನೇ ಮುಗಿಸ್ಕೊಂಡ ಜೀವ, ಈ ಡೆನ್ಮಾರ್ಕಿನ ಕವಯಿತ್ರಿ ಬಗ್ಗೆ ಮಾತು ಬಂದ್ರೆ ಎಲ್ರೂ ಇದನ್ನೇ ಮೊದಲು ಹೇಳ್ತಾರೆ, ನಾನೂ ಅದನ್ನ ಕೇಳಿ ಅಲ್ಲಿಂದ್ಲೇ ಹಿಡ್ದು ನಲ್ವತ್ತು ಪುಟಕ್ಕೆ ಬಿಟ್ಟಿದ್ದೆ. ಹುಡುಗಿ ಯಾರು ಅಂತ್ಲೇ ಗೊತ್ತಿಲ್ದೆ ಅವಳ ಕಷ್ಟ ಓದಿದ್ರೆ ಪೇಪರ್ ಸುದ್ದಿ ಓದಿದ ಹಾಗಾಗತ್ತೆ ಅಷ್ಟೇ.

ಶುರು ಮಾಡ್ಬೇಕಾದ್ದು ‘ಚೈಲ್ಡ್‌ಹುಡ್’ನಿಂದ. ಅದು, ‘ಯೂತ್’, ‘ಡಿಪೆಂಡೆನ್ಸಿ’, ಈ ಮೂರೂ ಒಟ್ಟಿಗೆ ಇಂಗ್ಲಿಷ್‌ನಲ್ಲಿ ‘ದಿ ಕೋಪನ್‌ಹೇಗನ್ ಟ್ರೈಲಜಿ’ ಅಂತ ಒಂದೇ ಪುಸ್ತಕವಾಗಿ ಸಿಗತ್ತೆ, ಆದ್ರೆ ಟ್ರೈನಲ್ಲಿ ಓದೋರು ಬಿಡಿಬಿಡಿಯಾಗಿ ತಗೊಳ್ಳಿ, ತೆಳ್ಳಗಿರತ್ತೆ, ಲೇಡೀಸ್ ಡಬ್ಬಾದಲ್ಲಿ ಮೂರು ಜನರ ಸೀಟಿನ ತುದೀಲಿ ಫೋರ್ತ್ ಸೀಟ್ ಸಿಕ್ಕಿದ್ರೂ ಒಂದು ಕೈಯಲ್ಲಿ ಹಿಡ್ಕೋಬಹುದು. ಚಾಪ್ಟರ್‌ಗಳು ಸಣ್ಣ, ಡೊಂಬಿವಲಿ ಬಿಟ್ಟು ಠಾಣೆ ಬರೋದ್ರೊಳಗೆ ಒಂದು ಮುಗಿಯತ್ತೆ. ಒಂದೇ ಓದಿ. ಎರಡನೇದಕ್ಕೆ ಹೋಗ್ಬೇಡಿ, ಕಿಟಕಿ ಹೊರಗೆ ನೋಡ್ತಾ ಕೂತ್ಕೊಳ್ಳಿ.

ಓದುವಾಗ ವೆಸ್ಟರ್‌ಬ್ರೋ ಅಂದ್ರೆ ಮುಂಬೈನ ಗಿರಣಿ ಕೆಲಸಗಾರರ ಲಾಲ್‌ಬಾಗ್-ಪರೇಲ್ ಅನ್ಕೊಳ್ಳಿ, ಅರ್ಧ ಕೆಲಸ ಆಯ್ತು. ಅವಳು 1917ರಲ್ಲಿ ಹುಟ್ಟಿದ್ದು ಕೋಪನ್‌ಹೇಗನ್‌ನ ಆ ಕೂಲಿಕಾರರ ಏರಿಯಾದಲ್ಲಿ, ಅಪ್ಪ ಬಾಯ್ಲರಿಗೆ ಕಲ್ಲಿದ್ದಲು ಹಾಕೋನು, ಕೆಲಸ ಹೋದ್ರೆ ಮನೆಯಲ್ಲಿ ಮಾತೇ ನಿಂತುಹೋಗೋದು, ಹಿಂದಿನ ಅಂಗಳದಲ್ಲಿ ಕಸದ ಡಬ್ಬಿಗಳ ಹತ್ರ ಹುಡುಗೀರೆಲ್ಲ ಸೇರಿ ಪಿಸಪಿಸ ಮಾತಾಡೋದು. ನಾನು ಪರೇಲಿನ ಚಾಳಲ್ಲಿ, ಅಂದ್ರೆ ಒಂದೊಂದೇ ಖೋಲಿಯ ವಠಾರದಲ್ಲಿ, ಬೆಳೆದೋಳು, ಗ್ಯಾಲರಿ ತುದಿಯಲ್ಲಿ ನಳದ ಹತ್ರ ನಮ್ದೂ ಇದೇ ನಡೀತಿತ್ತು. ಅವಳು ಕವಿ ಆಗ್ತೀನಿ ಅಂದಾಗ ಅಪ್ಪ, ಹುಡುಗಿ ಹೇಗೆ ಕವಿ ಆಗೋದು ಅಂತಾನೆ. ಪದ್ಯ ಬರೆದ ಆಲ್ಬಮ್ ಬಚ್ಚಿಡ್ತಾಳೆ, ಅಣ್ಣ ಹುಡುಕಿ ತೆಗೆದು ನಗ್ತಾನೆ. ಅವಳು ಏನನ್ನ ಯಾರಿಂದ ಮುಚ್ಚಿಡ್ತಾಳೆ ಅಂತ ಪೆನ್ಸಿಲ್‌ನಲ್ಲಿ ಗುರುತು ಹಾಕ್ತಾ ಹೋಗಿ, ಮೂರನೇ ಪುಸ್ತಕದಲ್ಲಿ ಇಂಜೆಕ್ಷನ್ ಮುಚ್ಚಿಡೋ ಹೊತ್ತಿಗೆ ಆ ಗುರುತುಗಳೆಲ್ಲ ಉಪಯೋಗಕ್ಕೆ ಬರತ್ತೆ.

ಆಮೇಲೆ, ಒಬ್ರೇ ಓದ್ಬೇಡಿ. ನಾವು ಐದು ಜನ ಭಾನುವಾರ ಮಾಟುಂಗಾದಲ್ಲಿ ಸೇರ್ತೀವಿ, ಒಬ್ರು ಇಂಗ್ಲಿಷ್ ಓದ್ತಾ ಅಲ್ಲೇ ಬಾಯಲ್ಲಿ ಕನ್ನಡ ಮಾಡ್ತಾರೆ. ಪುಸ್ತಕದ ಕನ್ನಡ ಬೇಡ, ಮನೆ ಕನ್ನಡ ಸಾಕು. ಬಾಲ್ಯ ಅನ್ನೋದು ಶವಪೆಟ್ಟಿಗೆ ಥರ ಉದ್ದ, ಇರುಕು, ನೀನೇ ಹೊರಗೆ ಬರೋಕಾಗಲ್ಲ ಅಂತ ಒಂದು ಮಾತು ಬರತ್ತೆ. ಸುಡೋ ಪದ್ಧತಿಯವರಾದ ನಮಗೆ ಪೆಟ್ಟಿಗೆ ಅಷ್ಟು ತಾಗಲಿಲ್ಲ. ಆಗ ನಮ್ಮಲ್ಲಿ ಎಲ್ಲರಿಗಿಂತ ಹಿರಿಯರಾದ ಮಾಮಿ ಮೆಲ್ಲಗೆ, ‘ನಮ್ಮ ಖೋಲಿ ಪೋಟ್‌ಮಾಳಾ ಹಾಗೆ ಕಣ್ರೇ, ಯಾರಾದ್ರೂ ಏಣಿ ಇಟ್ರೆ ತಾನೆ ಇಳಿಯೋದು’ ಅಂದ್ರು. ಮಾಮಿ ಹನ್ನೊಂದು ವರ್ಷ ಆ ಅಟ್ಟದ ಮೇಲೇ ಮಲಗ್ತಿದ್ದೋರು. ಅವತ್ತು ಮುಂದಕ್ಕೆ ಓದೋಕೆ ಆಗಲಿಲ್ಲ.

ಕವಿತೆಯಿಂದ ಕಾದಂಬರಿಗೆ ಬಂದ ದಾರಿ ತಿಳ್ಕೊಳ್ಳೋಕೆ ಇಷ್ಟು ಸಾಕು: 1939ರಲ್ಲಿ ಮೊದಲ ಕವನ ಸಂಕಲನ ‘ಪೀಗೆಸಿನ್’, ಅಂದ್ರೆ ಹುಡುಗಿ ಮನಸ್ಸು, 1941ರಲ್ಲಿ ಮೊದಲ ಕಾದಂಬರಿ, 1943ರಲ್ಲಿ ಬಾಲ್ಯದ ಬೀದಿ ಬಗ್ಗೆ ಇನ್ನೊಂದು. ನಮ್ಮಲ್ಲಿ ನವ್ಯ ಬಂದಾಗ ಪ್ರಾಸ ಹಳೇದು ಅಂದ್ರಲ್ಲ, ಹಾಗೇ ಅಲ್ಲೂ ದೊಡ್ಡ ವಿಮರ್ಶಕರು ಇವಳ ಪ್ರಾಸದ ಪದ್ಯ ಹಳೇ ಕಾಲದ್ದು ಅಂತ ಪಕ್ಕಕ್ಕಿಟ್ರು. ಜನ ಬಿಡಲಿಲ್ಲ. ಒಂದು ಫ್ಯಾಮಿಲಿ ವಾರಪತ್ರಿಕೆಯಲ್ಲಿ ಸುಮಾರು ಇಪ್ಪತ್ತು ವರ್ಷ ಓದುಗರ ಕಷ್ಟದ ಕಾಗದಗಳಿಗೆ ಉತ್ತರ ಬರೆದೋಳು, ಗಂಡ ಕುಡೀತಾನೆ ಮಗಳು ಮಾತಾಡಲ್ಲ ಅಂತ ಬರೆಯೋ ಹೆಂಗಸರಿಗೆ ಅವಳು ಮನೆಯವಳೇ ಆಗಿದ್ಲು, ಸತ್ತಾಗ ವೆಸ್ಟರ್‌ಬ್ರೋ ಬೀದಿಗಳಲ್ಲಿ ಜನ ಸೇರಿದ್ರು. ಮಾರನೇ ವರ್ಷವೇ ಗಾಯಕಿ ಆ್ಯನ್ ಲಿನೆಟ್ ಅವಳ ಪದ್ಯಗಳಿಗೆ ರಾಗ ಹಾಕಿ ಹಾಡಿದ್ರು. ಇಂಗ್ಲಿಷ್ ಓದುಗರು ಹುಚ್ಚೆದ್ದು ಹುಡುಕಿದ್ದು ಮಾತ್ರ ಮೊನ್ನೆ ಮೊನ್ನೆ, 2019ರ ಆಸುಪಾಸಿಂದ.

ಹಾಗಾಗಿ ಮಧ್ಯದಲ್ಲಿ ಒಂದ್ಸಲ ಹಾಡು ಕೇಳಿ. ಭಾಷೆ ಅರ್ಥ ಆಗ್ದಿದ್ರೂ ಪ್ರಾಸ ಕಿವಿಗೆ ಬೀಳತ್ತೆ.

ಮೂರನೇ ಪುಸ್ತಕಕ್ಕೆ ಟ್ರೈನ್ ಬೇಡ, ರಜೆ ದಿನ ಮನೆಯಲ್ಲಿ ಓದಿ, ಆಮೇಲೆ ಫೋನ್ ಮಾಡಿ ಮಾತಾಡೋಕೆ ಒಬ್ರು ಇರ್ಲಿ. ಅದರ ಡ್ಯಾನಿಶ್ ಹೆಸರು ‘ಗಿಫ್ಟ್’, ಆ ಭಾಷೆಯಲ್ಲಿ ಮದುವೆಯಾದವಳು ಅಂತಲೂ ಅರ್ಥ, ವಿಷ ಅಂತಲೂ ಅರ್ಥ, ಇಂಗ್ಲಿಷ್‌ಗೆ ಬರುವಾಗ ಅದು ಹೋಯ್ತು, ನೀವು ಮನಸ್ಸಲ್ಲಿ ಇಟ್ಕೊಂಡು ಓದಿ. ಮುಗಿದ್ಮೇಲೆ ತಕ್ಷಣ ಅವಳ ಕಾದಂಬರಿ ‘ದಿ ಫೇಸಸ್’ ಹಿಡೀಬೇಡಿ, ಅದು ಇನ್ನೂ ಭಾರ. ಮೊದಲ್ನೇ ಪುಸ್ತಕದ ಮೊದಲ ಪುಟಕ್ಕೆ ವಾಪಸ್ ಹೋಗಿ, ಅಲ್ಲಿ ಬೆಳಗಿನ ಹೊತ್ತು, ಅಮ್ಮನ ಕಪ್ಪು ಕೂದಲ ಮೇಲೆ ಒಂಚೂರು ಬೆಳಕು ಬಿದ್ದಿದೆ, ಮಗು ಅದನ್ನ ಮುಟ್ಟೋಕೆ ಹೆದರಿ ಸುಮ್ನೆ ಕೂತಿದೆ.