ವಿಸ್ಕಿ ಟೇಸ್ಟಿಂಗ್‌ಗೆ ಹೊರಟಿದ್ದೀರಾ? ಮುಂಬೈ, ಪುಣೆ, ಗೋವಾಕ್ಕೆ ಹೊಸದಾಗಿ ಬಂದ ಕನ್ನಡಿಗರಿಗೆ

ಸ್ಟಾಲಿನಿಂದ ಸ್ಟಾಲಿಗೆ ಹೋಗಿ ಹಲವು ವಿಸ್ಕಿಗಳ ರುಚಿ ನೋಡುವ ಕೂಟ ಇದು. ಟಿಕೆಟ್ ತೆಗೆಯುವ ಮೊದಲು ವಯಸ್ಸು ನೋಡಿಕೊಳ್ಳಿ. ಮಹಾರಾಷ್ಟ್ರದಲ್ಲಿ ಬಿಯರ್, ವೈನ್‌ಗೆ 21 ಸಾಕು, ವಿಸ್ಕಿಗೆ 25 ತುಂಬಿರಬೇಕು. ಓದು ಮುಗಿಸಿ ನೇರ ಪುಣೆಯ ಕೆಲಸಕ್ಕೆ ಸೇರಿದ ಹುಡುಗ ಹುಡುಗಿಯರು ಬಾಗಿಲಲ್ಲೇ ವಾಪಸಾಗುವುದು ಇದೇ ಕಾರಣಕ್ಕೆ. ಗೋವಾದಲ್ಲಿ 21 ಆಗಿದ್ದರೆ ಸಾಕು. ಮಹಾರಾಷ್ಟ್ರದಲ್ಲಿ 1949ರ ಮದ್ಯನಿಷೇಧ ಕಾಯ್ದೆ ಇನ್ನೂ ಇರುವುದರಿಂದ ಕುಡಿಯುವುದಕ್ಕೂ ಪರ್ಮಿಟ್ ಬೇಕು. ಬಾರ್‌ಗಳ ಬೋರ್ಡಿನಲ್ಲಿ ‘ಪರ್ಮಿಟ್ ರೂಮ್’ ಎಂದು ಕಾಣುವುದು ಅದಕ್ಕೇ. ಪರ್ಮಿಟ್ ಒಂದು ದಿನದ್ದು, ಒಂದು ವರ್ಷದ್ದು, ಜೀವಮಾನದ್ದು ಎಂದು ಸಿಗುತ್ತದೆ. ಒಂದು ದಿನದ್ದನ್ನು ಆಯೋಜಕರೇ ಕೊಡುತ್ತಾರೋ ಇಲ್ಲವೋ ಮೊದಲೇ ಕೇಳಿಕೊಳ್ಳಿ.

ಹೊರಡುವ ಒಂದೆರಡು ಗಂಟೆ ಮೊದಲು ಅನ್ನ ಸಾರೋ ಚಪಾತಿ ಪಲ್ಯವೋ ಹೊಟ್ಟೆ ತುಂಬ ಊಟ ಮಾಡಿ. ಮಿಸಳ್, ಬೆಳ್ಳುಳ್ಳಿ ಚಟ್ನಿ ಆ ದಿನ ಬೇಡ. ಖಾರ ಉರಿಯುತ್ತಿರುವ ನಾಲಿಗೆಗೆ ಆಲ್ಕೋಹಾಲ್ ಇನ್ನಷ್ಟು ಉರಿಸುತ್ತದೆ, ರುಚಿ ಹತ್ತುವುದಿಲ್ಲ. ಸೆಂಟು ಹಚ್ಚಿಕೊಳ್ಳಬೇಡಿ. ನಿಮ್ಮ ಮೂಗಷ್ಟೇ ಅಲ್ಲ, ಪಕ್ಕದವರದ್ದೂ ಕೆಡುತ್ತದೆ.

ಲೆಕ್ಕ ಹೀಗಿದೆ. ಒಂದು ಸ್ಟಾಲಿನಲ್ಲಿ 15 ಮಿ.ಲೀ. ಸುರಿದರೆ ಆರು ಸ್ಟಾಲಿಗೆ 90 ಮಿ.ಲೀ., ಅಂದರೆ ಬಾರಿನ ಲೆಕ್ಕದಲ್ಲಿ ಒಂದೂವರೆ ಲಾರ್ಜ್ (ಒಂದು ಲಾರ್ಜ್ 60 ಮಿ.ಲೀ.). ಅಷ್ಟಕ್ಕೆ ನಿಲ್ಲಿಸಬೇಕು. ಆಮೇಲಿನದ್ದೆಲ್ಲ ಒಂದೇ ರುಚಿ. ಹೆಚ್ಚು ನೋಡಬೇಕೆಂದಿದ್ದರೆ ಬಾಯಲ್ಲಿ ಹೊರಳಿಸಿ, ಮೇಜಿನ ಮೇಲಿನ ಬಕೆಟ್ಟಿಗೆ ಉಗುಳಿ. ಪಳಗಿದವರು ಮಾಡುವುದೂ ಇದನ್ನೇ, ಸಂಕೋಚ ಬೇಡ. ಪ್ರತಿ ಸುತ್ತಿನ ನಡುವೆ ಒಂದು ಲೋಟ ನೀರು ಕುಡಿಯಿರಿ.

ಗ್ಲಾಸಿನೊಳಗೆ ಮೂಗು ತೂರಿಸಿದರೆ ಮೊದಲು ಬಡಿಯುವುದು ಸ್ಪಿರಿಟ್ಟು, ಮೂಗು ಐದು ನಿಮಿಷ ಮರಗಟ್ಟುತ್ತದೆ. ಗ್ಲಾಸನ್ನು ಗದ್ದದ ಹತ್ತಿರ ಹಿಡಿದು, ಬಾಯಿ ಸ್ವಲ್ಪ ತೆರೆದು, ಮೆಲ್ಲಗೆ ಮೇಲಕ್ಕೆ ತನ್ನಿ. ಮೊದಲ ಗುಟುಕು ಬಾಯಿ ಒಗ್ಗಿಸಲಿಕ್ಕೆ ಅಷ್ಟೆ, ತೀರ್ಪು ಎರಡನೆಯದರಲ್ಲಿ. ಆಮೇಲೆ ನೀರು: 46% ಆಲ್ಕೋಹಾಲ್ ಇರುವ 15 ಮಿ.ಲೀ. ವಿಸ್ಕಿಗೆ 3 ಮಿ.ಲೀ. ನೀರು ಸೇರಿಸಿದರೆ 38%ಕ್ಕೆ ಇಳಿಯುತ್ತದೆ, ಅಡಗಿದ್ದ ಹಣ್ಣಿನ ವಾಸನೆ ಹೊರಬರುತ್ತದೆ. 60%ರ ಕಾಸ್ಕ್ ಸ್ಟ್ರೆಂತ್ (ನೀರು ಬೆರೆಸದೆ ಪೀಪಾಯಿಯಿಂದ ನೇರ ಬಾಟಲಿಗೆ ತುಂಬಿದ್ದು) ಆದರೆ 5 ಮಿ.ಲೀ. ಹಾಕಿ. ನೀರು ಬಿದ್ದೊಡನೆ ಮಸುಕಾದರೆ ಕಲಬೆರಕೆ ಎಂದುಕೊಳ್ಳಬೇಡಿ. ಚಿಲ್ ಫಿಲ್ಟರ್ ಮಾಡದ, ಅಂದರೆ ತಣ್ಣಗಾಗಿಸಿ ಸೋಸದ ವಿಸ್ಕಿಯಲ್ಲಿ ಉಳಿದ ಎಣ್ಣೆಯಂಶ ಹಾಗೆ ಕಾಣಿಸುತ್ತದೆ. ಐಸ್ ಮಾತ್ರ ಬೇಡ, ವಾಸನೆಯನ್ನೇ ಕಟ್ಟಿಹಾಕುತ್ತದೆ.

ನಿಮಗೆ ಹೊಗೆ (ಬಾರ್ಲಿಯನ್ನು ಹೊಗೆಯಾಡಿಸಿ ಒಣಗಿಸಿದ್ದರಿಂದ ವಿಸ್ಕಿಗೆ ಬರುವ ವಾಸನೆ) ಒಗ್ಗುತ್ತದೋ ಇಲ್ಲವೋ ಎಂಬುದೇ ಮೊದಲು ತಿಳಿಯಬೇಕಾದ್ದು. ಇದಕ್ಕೆ ಪಾಲ್ ಜಾನ್‌ಗಿಂತ ಒಳ್ಳೆಯ ಪಾಠ ಸಿಗುವುದು ಕಷ್ಟ. ಬೆಂಗಳೂರಿನ ಕಂಪನಿ, ಮಾಲ್ಟ್ (ಮೊಳಕೆ ಬಾರ್ಲಿಯ ವಿಸ್ಕಿ) ಇಳಿಸುವುದು ದಕ್ಷಿಣ ಗೋವಾದ ಕುಂಕಳ್ಳಿಯಲ್ಲಿ. ಅದರ ವಿಸ್ಕಿಗಳ ಪೈಕಿ ಬ್ರಿಲಿಯನ್ಸ್‌ನಲ್ಲಿ ಹೊಗೆಯಿಲ್ಲ, ಎಡಿಟೆಡ್‌ನಲ್ಲಿ ತುಸು, ಬೋಲ್ಡ್‌ನಲ್ಲಿ ಧಾರಾಳ, ಮೂರೂ 46%. ಇದೇ ಸಾಲಿನಲ್ಲಿ ಕುಡಿಯಿರಿ. ಬೋಲ್ಡ್ ಮೊದಲಾದರೆ ಬ್ರಿಲಿಯನ್ಸ್ ಸಪ್ಪೆ ಅನ್ನಿಸುತ್ತದೆ, ತಪ್ಪು ಅದರದ್ದಲ್ಲ. ಮುಂದೆ ನಮ್ಮ ಬೆಂಗಳೂರಿನ ಅಮೃತ್ ಫ್ಯೂಷನ್, 50%. ಅದರಲ್ಲಿ ಭಾರತದ ಬಾರ್ಲಿಯ ಜೊತೆ ಹೊಗೆಯಾಡಿಸಿದ ಸ್ಕಾಟ್ಲೆಂಡಿನ ಬಾರ್ಲಿಯೂ ಇದೆ. ಶೆರಿ (ಸ್ಪೇನಿನ ಒಂದು ವೈನ್) ತುಂಬಿದ್ದ ಪೀಪಾಯಿಯಲ್ಲಿ ಮಾಗಿದವನ್ನು ಹೊಗೆಯವುಗಳ ಮೊದಲು ಮುಗಿಸಿ.

ಎಷ್ಟು ವರ್ಷದ್ದು ಎಂದು ನೋಡಿ ಇಷ್ಟಪಡಬೇಡಿ. ಸ್ಕಾಟ್ಲೆಂಡಿನಲ್ಲಿ ಪೀಪಾಯಿಯಿಂದ ವರ್ಷಕ್ಕೆ ಸುಮಾರು 2% ಆವಿಯಾದರೆ ಗೋವಾದಲ್ಲಿ 8%ರ ಹತ್ತಿರ, ಬೆಂಗಳೂರಿನಲ್ಲಿ 10 ದಾಟುತ್ತದೆ. ಬಿಸಿಲಿಗೆ ಮರದ ಸತ್ವ ಬೇಗ ಇಳಿಯುವುದರಿಂದ ನಾಲ್ಕೈದು ವರ್ಷಕ್ಕೇ ನಮ್ಮ ಮಾಲ್ಟ್ ಮಾಗಿರುತ್ತದೆ.

ಪ್ರತಿಯೊಂದಕ್ಕೂ ಮೂರು ಪದ ಬರೆಯಿರಿ, ನಿಮ್ಮದೇ ಪದ: ಜೋನಿಬೆಲ್ಲ, ಹಲಸು, ಏಲಕ್ಕಿ, ಹೊಗೆಸೊಪ್ಪು, ಕಾಫಿಬೀಜ. ಸ್ಟಾಲಿನವರು ಹೇಳುವ ‘ಬ್ಲ್ಯಾಕ್‌ಕರೆಂಟ್’ ತಿಂದೇ ಇಲ್ಲದಿದ್ದರೆ ಅದನ್ನು ಬರೆದು ಉಪಯೋಗವಿಲ್ಲ. ಮೆಚ್ಚಿದ್ದನ್ನು ಅಂದೇ ಕೊಳ್ಳಬೇಡಿ; ಇನ್ನೊಂದು ದಿನ ಬಾರಿನಲ್ಲಿ 30 ಮಿ.ಲೀ. ತರಿಸಿ ನೋಡಿ, ಅಂದೂ ಹಿಡಿಸಿದರೆ ಬಾಟಲಿ ಕೊಳ್ಳಿ.

ಗಾಡಿ ಮನೆಯಲ್ಲೇ ಇರಲಿ. 100 ಮಿ.ಲೀ. ರಕ್ತದಲ್ಲಿ ಆಲ್ಕೋಹಾಲ್ 30 ಮಿ.ಗ್ರಾಂ. ದಾಟಿದರೆ ಕೇಸು. ಗೋವಾದಲ್ಲಿ ಬೆಲೆ ಕಡಿಮೆಯೆಂದು ಬಾಟಲಿ ಕಟ್ಟಿಕೊಂಡು ಊರಿಗೆ ಹೊರಟವರು ಕರ್ನಾಟಕಕ್ಕೆ ಒಯ್ಯಲು ಅನುಮತಿ ಇದೆಯೋ ಇಲ್ಲವೋ ಮೊದಲೇ ವಿಚಾರಿಸಿಕೊಳ್ಳಿ. ಕಾರವಾರದ ದಾರಿಯ ಮಾಜಾಳಿ ಚೆಕ್‌ಪೋಸ್ಟಿನಲ್ಲಿ ಬ್ಯಾಗು ಬಿಚ್ಚಿಸುತ್ತಾರೆ.