ಮೊದಲು ವಿಳಾಸ, ಆಮೇಲೆ ಮೂಟೆ: ಅಟ್ಟ ಖಾಲಿ ಮಾಡುವ ಬಗೆ

ಮೈಸೂರಿನ ನಮ್ಮ ಹಳೆಯ ಮನೆಯ ಅಟ್ಟವನ್ನು ನಾನು ಎರಡು ಸಲ ಖಾಲಿ ಮಾಡಿದ್ದೇನೆ. ಮೊದಲ ಸಲ ನವರಾತ್ರಿಗೆ ಹದಿನೈದು ದಿನ ಇರುವಾಗ ಇದ್ದುದೆಲ್ಲವನ್ನೂ ಕೆಳಗಿಳಿಸಿ, ಒಂಬತ್ತು ಮೂಟೆ ಕಟ್ಟಿ ಹಜಾರದಲ್ಲಿ ಸಾಲಾಗಿ ಇಟ್ಟೆವು. ಯಾವ ಮೂಟೆ ಯಾರಿಗೆ ಎಂದು ಯಾರಿಗೂ ಗೊತ್ತಿರಲಿಲ್ಲ. ಬೊಂಬೆ ಕೂರಿಸುವ ದಿನ ಬಂತು, ಜಾಗ ಬೇಕಾಯಿತು, ಏಳು ಮೂಟೆ ಮತ್ತೆ ಅಟ್ಟ ಸೇರಿದವು. ಎರಡನೆಯ ಸಲ ಕ್ರಮವನ್ನು ತಿರುಗಿಸಿದೆ. ಯಾವ ಸಾಮಾನನ್ನು ಯಾರು ತೆಗೆದುಕೊಳ್ಳುತ್ತಾರೆ ಎಂದು ವಿಚಾರಿಸಿ ಬರೆದಿಟ್ಟುಕೊಂಡ ಮೇಲೆಯೇ ಏಣಿ ಹತ್ತಿದೆ. ಮೂರು ಭಾನುವಾರಗಳಲ್ಲಿ ಕೆಲಸ ಮುಗಿಯಿತು.

ಆದ್ದರಿಂದ ನಿಮ್ಮ ಮೊದಲ ಹೆಜ್ಜೆ ಒಂದು ನೋಟ್‌ಬುಕ್ಕು ಮತ್ತು ನಾಲ್ಕೈದು ಫೋನ್ ಕರೆ. ಹತ್ತಿರದ ಗುಜರಿ ಅಂಗಡಿ ಯಾವ ದಿನ ತೆರೆದಿರುತ್ತದೆ, ಬಡಾವಣೆಯ ಒಣ ತ್ಯಾಜ್ಯ ಸಂಗ್ರಹ ಕೇಂದ್ರ ಎಲ್ಲಿದೆ, ಯಾವ ಗ್ರಂಥಾಲಯ ಪುಸ್ತಕ ಪಡೆಯುತ್ತದೆ ಎಂದು ಕೇಳಿ ಗುರುತು ಮಾಡಿಕೊಳ್ಳಿ. 2023ರ ಮೇ ತಿಂಗಳಲ್ಲಿ ‘ನನ್ನ ಲೈಫ್, ನನ್ನ ಸ್ವಚ್ಛ ನಗರ’ ಅಭಿಯಾನದಲ್ಲಿ ನಗರಸಭೆ, ಪಾಲಿಕೆಗಳು ಆರ್‌ಆರ್‌ಆರ್ (ರೆಡ್ಯೂಸ್, ರೀಯೂಸ್, ರೀಸೈಕಲ್) ಕೇಂದ್ರಗಳನ್ನು ತೆರೆದವು. ಬಟ್ಟೆ, ಪುಸ್ತಕ, ಆಟಿಕೆ, ಪಾದರಕ್ಷೆಗಳನ್ನು ಬೇಡವಾದವರು ಅಲ್ಲಿ ಇಟ್ಟುಹೋಗಬಹುದು, ಬೇಕಾದವರು ಒಯ್ಯಬಹುದು. ನಿಮ್ಮ ಊರಿನದು ಈಗಲೂ ನಡೆಯುತ್ತಿದೆಯೇ ಎಂದು ಪಾಲಿಕೆಯ ಆರೋಗ್ಯ ನಿರೀಕ್ಷಕರನ್ನು ಕೇಳಿ. ಪಟ್ಟಿ ಸಿದ್ಧವಾದ ಮೇಲೆ ಒಂದು ದಿನಕ್ಕೆ ಒಂದೇ ಬಗೆಯ ಸಾಮಾನು ಇಳಿಸಿ: ಬಟ್ಟೆಯ ದಿನ ಬಟ್ಟೆ ಮಾತ್ರ. ಕಟ್ಟಿದ ಮೂಟೆಯ ಮೇಲೆ ಅದು ಹೋಗಬೇಕಾದ ಜಾಗ ಮತ್ತು ಹೊರಡುವ ದಿನಾಂಕವನ್ನು ದಪ್ಪ ಅಕ್ಷರದಲ್ಲಿ ಬರೆಯಿರಿ.

ಬಟ್ಟೆ

ನಾವು ಹೆಚ್ಚು ತಪ್ಪುವುದು ಇಲ್ಲಿಯೇ. ಹರಿದದ್ದು, ಕರೆ ಹಿಡಿದದ್ದು, ಗುಂಡಿ ಕಿತ್ತದ್ದೆಲ್ಲ ‘ಪಾಪ, ಯಾರಿಗಾದರೂ ಆಗುತ್ತದೆ’ ಎಂಬ ಒಂದು ಮಾತಿನಲ್ಲಿ ದಾನದ ಮೂಟೆಗೆ ಸೇರುತ್ತದೆ. 2004ರ ಸುನಾಮಿಯ ನಂತರ ತಮಿಳುನಾಡಿನ ಕರಾವಳಿಯಲ್ಲಿ, ದೇಶದ ಮೂಲೆಮೂಲೆಯಿಂದ ಬಂದ ಹಳೆಯ ಬಟ್ಟೆ ಉಡುವವರಿಲ್ಲದೆ ರಸ್ತೆಬದಿಯಲ್ಲಿ ರಾಶಿ ಬಿದ್ದಿತ್ತು. ಮನೆ ಕಳೆದುಕೊಂಡವರಿಗೆ ಅದು ಇನ್ನೊಂದು ಕಸದ ರಾಶಿಯಾಯಿತು. ನನ್ನ ಅಳತೆ ಇಷ್ಟೇ: ಈ ಅಂಗಿಯನ್ನು ನನ್ನ ತಮ್ಮನ ಮಗನ ಕೈಗೆ ನಾನೇ ಕೊಡಬಲ್ಲೆನೇ? ಹೌದಾದರೆ ಒಗೆದು, ಬಿಸಿಲಿಗೆ ಹಾಕಿ, ಜಿಪ್ಪು ಗುಂಡಿ ನೋಡಿ, ಮಡಿಸಿ, ಗಂಡಸರದು, ಹೆಂಗಸರದು, ಮಕ್ಕಳದು ಎಂದು ಬೇರೆ ಬೇರೆ ಕಟ್ಟಿ.

ಕೊಡಲು ಒಂದು ಒಳ್ಳೆಯ ಜಾಗವೆಂದರೆ ಅಂಶು ಗುಪ್ತಾ 1999ರಲ್ಲಿ ಕಟ್ಟಿದ ಗೂಂಜ್ ಸಂಸ್ಥೆ. ಅದು ಬೆಂಗಳೂರಿನಲ್ಲೂ ಬಟ್ಟೆ ಸಂಗ್ರಹಿಸುತ್ತದೆ. ಹಳ್ಳಿಯವರು ಸೇರಿ ತಮ್ಮೂರಿನ ಬಾವಿಯನ್ನೋ ದಾರಿಯನ್ನೋ ಸರಿಪಡಿಸಿದಾಗ ಆ ದುಡಿಮೆಗೆ ಪ್ರತಿಯಾಗಿ ಬಟ್ಟೆ ಕೊಡುವುದು ಅದರ ಪದ್ಧತಿ. ಪಡೆಯುವವರು ಕೈಯೊಡ್ಡಬೇಕಾಗಿಲ್ಲ ಎಂಬುದೇ ನನಗೆ ಅದರಲ್ಲಿ ಹಿಡಿಸಿದ್ದು.

ಉಡಲಾಗದ ಹತ್ತಿ ಸೀರೆಗಳಿಗೆ ಕೌದಿಗಿಂತ ಒಳ್ಳೆಯ ಗತಿ ಇಲ್ಲ. ಉತ್ತರ ಕರ್ನಾಟಕದಲ್ಲಿ ಇಂದಿಗೂ ಕೂಲಿಗೆ ಕೌದಿ ಹೊಲಿದುಕೊಡುವ ಹೆಂಗಸರಿದ್ದಾರೆ. ಉತ್ತರ ಕನ್ನಡದ ಸಿದ್ದಿ ಹೆಂಗಸರ ಕೌದಿಯನ್ನು ನೋಡಿದರೆ ನಾಲ್ಕೂ ಮೂಲೆಗಳಲ್ಲಿ ಮಡಿಸಿ ಹೊಲಿದ ಬಟ್ಟೆಯ ಹೂವು ಇರುತ್ತದೆ. ಅದಿಲ್ಲದಿದ್ದರೆ ಕೌದಿ ಪೂರ್ತಿಯಾಗಲಿಲ್ಲವೆಂದೇ ಅವರ ಲೆಕ್ಕ. ಅಮ್ಮನ ಆರು ಸೀರೆಗಳು ನಮ್ಮಲ್ಲಿ ಎರಡು ಕೌದಿಗಳಾಗಿವೆ. ಜರಿ ಸೀರೆಯನ್ನು ಮಾತ್ರ ಮನೆ ಬಾಗಿಲಿಗೆ ಬರುವವರಿಗೆ ಅವಸರದಲ್ಲಿ ಕೊಡಬೇಡಿ. ಮೈಸೂರು ರೇಷ್ಮೆ ಸೀರೆಯ ಅಸಲಿ ಜರಿಯಲ್ಲಿ ಬೆಳ್ಳಿ ಇದೆ, ತುಸು ಚಿನ್ನವೂ ಇದೆ. ಎರಡು ಮೂರು ಅಂಗಡಿಗಳಲ್ಲಿ ತೋರಿಸಿ ಬೆಲೆ ಕೇಳಿ.

ಪಾತ್ರೆ

ಹಿತ್ತಾಳೆ, ತಾಮ್ರ, ಕಂಚಿಗೆ ಗುಜರಿಯವರು ಒಂದು ಬೆಲೆ ಹೇಳುತ್ತಾರೆ, ಹೊಸ ಪಾತ್ರೆ ಕೊಳ್ಳುವುದಾದರೆ ಪಾತ್ರೆ ಅಂಗಡಿಯವರು ಇನ್ನೊಂದು. ಇಬ್ಬರನ್ನೂ ಕೇಳಿ, ಎಲೆಕ್ಟ್ರಾನಿಕ್ ತಕ್ಕಡಿಯಲ್ಲಿ ಎದುರಿಗೇ ತೂಗಿಸಿ. ಅದಕ್ಕೂ ಮೊದಲು ಕಂಠವನ್ನೊಮ್ಮೆ ಉಜ್ಜಿ ನೋಡಿ. ನಮ್ಮ ಅಟ್ಟದಲ್ಲಿ ಸಿಕ್ಕ ಕೊಳದಪ್ಪಲೆ ಇದ್ದಿಲಿನಂತೆ ಕಪ್ಪಾಗಿತ್ತು. ಹುಣಸೆಹಣ್ಣು ಹಚ್ಚಿ ಉಜ್ಜಿದಾಗ ಕಂಠದ ಸುತ್ತ ಚುಕ್ಕಿಚುಕ್ಕಿಯಾಗಿ ಹೊಡೆದ ಅಕ್ಷರಗಳು ಒಂದೊಂದಾಗಿ ಎದ್ದವು: ಅಜ್ಜಿಯ ಹೆಸರು, ಅವರ ತೌರೂರು, ಮದುವೆಯ ಇಸವಿ. ಅದಕ್ಕೆ ಕಲಾಯಿ ಹಾಕಿಸಿ, ಅಜ್ಜಿಯ ಹೆಸರನ್ನೇ ಇಟ್ಟಿರುವ ಚಿಕ್ಕಮ್ಮನ ಮಗಳಿಗೆ ಕೊಟ್ಟೆವು. ಉಳಿದ ಹನ್ನೊಂದು ಕಿಲೋ ಹಿತ್ತಾಳೆಯನ್ನು ಮಾರಿದೆವು. ಎಲ್ಲವನ್ನೂ ಇಟ್ಟುಕೊಳ್ಳಬೇಕಾಗಿಲ್ಲ, ಆದರೆ ಓದದೆ ಯಾವುದನ್ನೂ ಕರಗಿಸಲು ಕೊಡಬೇಡಿ.

ಪುಸ್ತಕ, ಕಾಗದ

ಕಳೆದ ವರ್ಷಗಳ ಗೈಡು, ಹರಿದ ನೋಟ್‌ಬುಕ್ಕು, ಪತ್ರಿಕೆಗಳು ಗುಜರಿಗೆ. ಕಥೆ, ಕಾದಂಬರಿ, ಮಕ್ಕಳ ಪುಸ್ತಕಗಳು ಗ್ರಾಮ ಪಂಚಾಯಿತಿ ಗ್ರಂಥಾಲಯಕ್ಕೋ ಸರ್ಕಾರಿ ಶಾಲೆಗೋ ಹೋಗಲಿ, ಆದರೆ ಮೊದಲು ಪಟ್ಟಿ ಕಳಿಸಿ, ಅವರು ಆರಿಸಿದ್ದನ್ನಷ್ಟೇ ಒಯ್ಯಿರಿ. ಬೆಂಗಳೂರಿನವರಿಗೆ ಅವೆನ್ಯೂ ರಸ್ತೆಯ ಹಳೆಯ ಪುಸ್ತಕದ ಅಂಗಡಿಗಳಿವೆ. ಬ್ಯಾಂಕ್ ಪುಸ್ತಕ, ಆಧಾರ್ ಪ್ರತಿ, ಸಹಿ ಇರುವ ಕಾಗದಗಳನ್ನು ಚೂರು ಮಾಡದೆ ತೂಕಕ್ಕೆ ಹಾಕಬೇಡಿ.

ಓಲೆಗರಿ, ಕಡತ (ಬಟ್ಟೆಯ ಮಡಿಕೆ ಪುಸ್ತಕ), ಹಳೆಯ ಕೈಬರಹದ ಕಟ್ಟು ಸಿಕ್ಕರೆ ಅಲ್ಲಿಗೇ ನಿಲ್ಲಿ. ಎಣ್ಣೆ ಹಚ್ಚಬೇಡಿ, ಒದ್ದೆ ಬಟ್ಟೆಯಲ್ಲಿ ಒರೆಸಬೇಡಿ, ಹತ್ತಿಯ ಬಟ್ಟೆಯಲ್ಲಿ ಸುತ್ತಿ ಮೈಸೂರಿನ ಪ್ರಾಚ್ಯವಿದ್ಯಾ ಸಂಶೋಧನಾಲಯದಂಥ ಕಡೆ ತೋರಿಸಿ. ತಂಜಾವೂರಿನ ಕಡೆಯ ಪಂಡಿತರೊಬ್ಬರು ಆ ಸಂಸ್ಥೆಗೆ ತಂದುಕೊಟ್ಟ ಓಲೆಯ ಕಟ್ಟಿನಲ್ಲಿಯೇ ಅಲ್ಲಿ ಗ್ರಂಥಪಾಲಕರಾಗಿದ್ದ ಆರ್. ಶಾಮಾಶಾಸ್ತ್ರಿಗಳಿಗೆ ಕೌಟಿಲ್ಯನ ಅರ್ಥಶಾಸ್ತ್ರ ಸಿಕ್ಕಿದ್ದು. 1909ರಲ್ಲಿ ಅದು ಅಚ್ಚಾಯಿತು.

ಕೆಟ್ಟ ಟಿವಿ, ಮೊಬೈಲ್, ಬಲ್ಬು

ಇವು ಗುಜರಿಗೆ ಬೇಡ. ಡಬ್ಬದಂಥ ಹಳೆಯ ಟಿವಿಯ ಗಾಜಿನಲ್ಲಿ ಸೀಸವಿದೆ, ಟ್ಯೂಬ್‌ಲೈಟು ಮತ್ತು ಸಿಎಫ್‌ಎಲ್ ಬಲ್ಬಿನಲ್ಲಿ ಪಾದರಸವಿದೆ. ತಂತಿ ಸುಟ್ಟು ತಾಮ್ರ ತೆಗೆಯುವವರ ಹೊಗೆ ಮೊದಲು ಹೋಗುವುದು ಅವರ ಮಕ್ಕಳ ಎದೆಗೆ. ನೂರಿನ್ನೂರು ರೂಪಾಯಿಗೆ ಆ ಹೊಗೆಯನ್ನು ಮಾರಲು ನನಗೆ ಮನಸ್ಸು ಬರುವುದಿಲ್ಲ. 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿಯಮಗಳ ಪ್ರಕಾರ, ತಯಾರಕರು ತಮ್ಮ ಹಳೆಯ ಸರಕು ನೋಂದಾಯಿತ ಘಟಕಗಳಲ್ಲೇ ಮರುಬಳಕೆಯಾಗುವಂತೆ ನೋಡಿಕೊಳ್ಳಬೇಕು. ಕಂಪನಿಯ ಗ್ರಾಹಕ ಸೇವೆಗೆ ಕರೆ ಮಾಡಿ ಎಲ್ಲಿ ಒಪ್ಪಿಸಬೇಕೆಂದು ಕೇಳಿ. ದೇಶದಲ್ಲಿ ಈ ಕೆಲಸ ಮೊದಲು ಆರಂಭಿಸಿದ ಅಧಿಕೃತ ಘಟಕಗಳಲ್ಲಿ ಒಂದಾದ ಇ-ಪರಿಸರ ಬೆಂಗಳೂರು ಬಳಿಯ ನಮ್ಮ ದಾಬಸ್‌ಪೇಟೆಯಲ್ಲೇ ಇದೆ. ಮೊಬೈಲ್ ಕೊಡುವ ಮುನ್ನ ಸಿಮ್, ಮೆಮೊರಿ ಕಾರ್ಡ್ ತೆಗೆದು, ಖಾತೆಗಳಿಂದ ಹೊರಬಂದು, ಎಲ್ಲವನ್ನೂ ಅಳಿಸಿ. ಉಬ್ಬಿದ ಬ್ಯಾಟರಿಯನ್ನು ಚುಚ್ಚಬೇಡಿ, ಒತ್ತಬೇಡಿ.

ಮಾರುವಾಗ

ಆನ್‌ಲೈನಿನಲ್ಲಿ ಮಾರುವುದಾದರೆ ಹಗಲು ಬೆಳಕಿನಲ್ಲಿ ಫೋಟೊ ತೆಗೆಯಿರಿ. ಗೀರು, ಬಿರುಕು ಇದ್ದರೆ ಅದರದ್ದೂ ಒಂದು ಫೋಟೊ ಹಾಕಿ, ಬಂದವರ ಚೌಕಾಶಿ ಅರ್ಧ ಕಡಿಮೆಯಾಗುತ್ತದೆ. ‘ಹಣ ಕಳಿಸುತ್ತೇನೆ, ಈ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ ಪಿನ್ ಹಾಕಿ’ ಎಂದರೆ ಕೂಡಲೇ ಫೋನ್ ಇಡಿ. ಹಣ ಪಡೆಯಲು ಯುಪಿಐ ಪಿನ್ ಬೇಕಿಲ್ಲ, ಪಿನ್ ಹಾಕಿದರೆ ನಿಮ್ಮ ಖಾತೆಯಿಂದಲೇ ಹಣ ಹೋಗುತ್ತದೆ.

ಒಡೆದ ದೇವರ ಪಟ

ಎಷ್ಟೋ ಮನೆಗಳಲ್ಲಿ ಕೊನೆಗೆ ಉಳಿಯುವುದು ಇದೇ. ಎಸೆಯಲು ಕೈ ಬಾರದೆ ಜನ ಅರಳಿಕಟ್ಟೆಯ ಬುಡದಲ್ಲಿ ಇಟ್ಟು ಕೈಮುಗಿದು ಬರುತ್ತಾರೆ. ಮಳೆ ಬಂದಾಗ ಪಟ ನೆನೆದು ಹರಿಯುತ್ತದೆ, ಗಾಜು ಆಡುವ ಮಕ್ಕಳ ಕಾಲಿಗೆ ಚುಚ್ಚುತ್ತದೆ. ನಾವು ಒಂದು ಬೆಳಿಗ್ಗೆ ಸ್ನಾನ ಮಾಡಿ ಚಾಪೆ ಹಾಸಿ ಕುಳಿತು ಹದಿನಾಲ್ಕು ಪಟಗಳನ್ನು ಬಿಚ್ಚಿದೆವು. ಹಿಂದಿನ ಮೊಳೆಗಳನ್ನು ಇಕ್ಕಳದಿಂದ ಕಿತ್ತು, ಗಾಜನ್ನು ದಪ್ಪ ಕಾಗದದಲ್ಲಿ ಸುತ್ತಿ ಮೇಲೆ ‘ಗಾಜು’ ಎಂದು ಬರೆದು ಒಣ ಕಸದವರ ಕೈಗೇ ಕೊಟ್ಟೆವು. ಗಟ್ಟಿಯಿದ್ದ ನಾಲ್ಕು ಮರದ ಚೌಕಟ್ಟುಗಳನ್ನು ಕಟ್ಟು ಹಾಕುವ ಅಂಗಡಿಯವರು ಇಟ್ಟುಕೊಂಡರು. ಪ್ಲಾಸ್ಟಿಕ್ ಲೇಪವಿದ್ದ ಪಟಗಳು ನೆನೆಯುವುದಿಲ್ಲ, ಅವು ಒಣ ಕಸಕ್ಕೆ ಹೋದವು. ಬರೀ ಕಾಗದದ ಪಟಗಳನ್ನು ಅಮ್ಮ ಒಂದು ಬಕೆಟ್ ನೀರಿನಲ್ಲಿ ರಾತ್ರಿಯಿಡೀ ನೆನೆಸಿ, ಬೆಳಿಗ್ಗೆ ಹಿತ್ತಿಲಿನ ಪಾರಿಜಾತದ ಬುಡದಲ್ಲಿ ಗುಂಡಿ ತೋಡಿಸಿ ಹಾಕಿ ಮಣ್ಣು ಮುಚ್ಚಿದರು.